ಬೇವಿನ ಮೇಲಿನ ಕಲ್ಲುಹೂವು

ರಾತ್ರಿ ಹಿತ್ತಿಲಿನಿಂದ ಸಣ್ಣದೊಂದು ಸದ್ದು ಬಂತು. ಒಣ ತೊಗಟೆಯನ್ನು ಉಗುರಿನಿಂದ ಕೆರೆದಂಥ ಸದ್ದು. ಒಮ್ಮೆ ಕೆರೆದು ನಿಂತಿತು, ಸ್ವಲ್ಪ ಹೊತ್ತಿಗೆ ಮತ್ತೆ ಕೆರೆಯಿತು. ಮಾಳಿಗೆಯ ಮೇಲೆ ಮಲಗಿದ್ದ ಸುವರ್ಣಾ ಕಣ್ಣು ತೆರೆದಳು. ಅಳಿಲು ರಾತ್ರಿ ಓಡಾಡುವುದಿಲ್ಲ. ಇಲಿ ಇಷ್ಟು ನಿಧಾನವಾಗಿ ಕೆರೆಯುವುದಿಲ್ಲ. ಅಷ್ಟನ್ನು ಯೋಚಿಸಿದಳು, ಏಳಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳಿಗೆ ಎಲ್ಲವೂ ಕೇಳಿಸುತ್ತಿತ್ತು. ಕೇಳಿಸಿದ್ದಕ್ಕೆ ಏನಾದರೂ ಮಾಡಬೇಕು ಎಂದು ಮಾತ್ರ ಅನ್ನಿಸುತ್ತಿರಲಿಲ್ಲ.

ಬೆಳಿಗ್ಗೆ ಕೆಳಗಿಳಿದಾಗ ಸತ್ಯನಾರಾಯಣಪೇಟೆಯ ಆ ಮನೆಯ ಹಿತ್ತಿಲು ಎಂದಿನಂತೆಯೇ ಇತ್ತು. ಬಟ್ಟೆ ಒಗೆಯುವ ಕಲ್ಲು, ನೀರಿನ ತೊಟ್ಟಿ, ಕಾಂಪೌಂಡಿನ ಪಕ್ಕ ಬೇವಿನ ಮರ. ಮರದ ಕಾಂಡಕ್ಕೆ ಎದೆಯೆತ್ತರದಲ್ಲಿ ಸುತಳಿಯಿಂದ ಕಟ್ಟಿದ ತೊಗಟೆಯ ತುಂಡುಗಳು. ಅವುಗಳ ಮೇಲೆ ಬೂದಿಬಣ್ಣದ, ಅಂಚು ಸುರುಳಿಗಟ್ಟಿದ ಕಲ್ಲುಹೂವು. ಸುವರ್ಣಾ ಬೊಗಸೆಯಲ್ಲಿ ನೀರು ತಂದು ಚಿಮುಕಿಸಿದಳು. ಕಾಗದದಂತೆ ಒಣಗಿದ್ದುದು ನೀರು ಕುಡಿದು ಮೆತ್ತಗಾಯಿತು, ಬೂದಿಬಣ್ಣದೊಳಗಿಂದ ತೆಳು ಹಸಿರು ಕಾಣಿಸಿತು. ಅದನ್ನು ನೋಡಿ ಒಳಗೆ ಹೋಗಿ ಮುಖ ತೊಳೆದಳು. ನಾಲ್ಕು ತಿಂಗಳಿನಿಂದ ಅವಳ ದಿನ ಶುರುವಾಗುತ್ತಿದ್ದುದು ಹೀಗೆ.

ಕಟ್ಟಿದ್ದವನು ಅವಳ ಗಂಡ ಕೊಟ್ರಬಸಪ್ಪ, ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಲೆಕ್ಚರರ್. ಅವಳೂ ಅದನ್ನೇ ಓದಿ ಬಿ.ಎಸ್ಸಿ. ಮುಗಿಸಿದವಳು. ಈ ಸೀಮೆಯಲ್ಲಿ ಕಲ್ಲುಹೂವು ಹಾಕದೆ ಮಸಾಲೆ ಕುಟ್ಟುವ ಮನೆ ಕಡಿಮೆ. ಬಜಾರಿಗೆ ಬರುವುದೆಲ್ಲ ಎಲ್ಲಿಯೋ ದೂರದ ಕಾಡುಗಳಲ್ಲಿ ಮರದಿಂದ, ಬಂಡೆಯಿಂದ ಕೆರೆದು ತಂದದ್ದು. ಒಮ್ಮೆ ಕೆರೆದರೆ ಅದೇ ಜಾಗದಲ್ಲಿ ಅಂಗೈಯಗಲ ಬೆಳೆಯಲು ಹತ್ತಾರು ವರ್ಷ ಬೇಕು. ಮನೆಯ ಮರದಲ್ಲಿ, ಹೊಲದ ಬದುವಿನಲ್ಲಿ ಬೆಳೆಸಲಾದೀತೇ ಎಂದು ನೋಡುವುದು ಅವನ ಕೆಲಸವಾಗಿತ್ತು. ಹೋದ ಮುಂಗಾರಿನಲ್ಲಿ ಸಂಡೂರಿನ ಕಾಡಿನಿಂದ ಕಲ್ಲುಹೂವು ಹತ್ತಿದ್ದ ತೊಗಟೆಯನ್ನು ಚೂರಿಯಿಂದ ಬಿಡಿಸಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿ ತಂದು ಮೂರು ಕಡೆ ಕಟ್ಟಿದ: ಬಳ್ಳಾರಿಯ ಈ ಬೇವಿಗೆ, ಸಿರುಗುಪ್ಪದ ಕಡೆ ಹಚ್ಚೊಳ್ಳಿಯಲ್ಲಿ ಅವಳ ಅಣ್ಣನ ಗದ್ದೆಯ ಹುಣಸೆಗೆ, ಕುರುಗೋಡಿನ ಗುಡ್ಡದಲ್ಲಿ ಒಂದು ಬಂಡೆಯ ನೆರಳಿಗೆ.

ಕಟ್ಟುವ ದಿನ ಪಕ್ಕದ ಮನೆಯ ಅಂಬಮ್ಮ ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತಿದ್ದಳು.

"ಬಜಾರದಾಗ ಸಿಗೋದನ್ನ ಗಿಡಕ್ಕ ಕಟ್ಟತೀರಲ್ಲರಿ ಮಾಸ್ತರ, ನಾಳಿಗೆ ಮೆಣಸಿನಕಾಯಿ ಒಯ್ದು ಲೈಟ್ ಕಂಬಕ್ಕ ಕಟ್ಟತೀರೇನು?"

"ಕಟ್ಟತೀವಿ ಅಂಬಕ್ಕ. ಕಾಯಿ ಬಿಟ್ರ ಮೊದಲ ನಿಮ್ಮ ಮಿರ್ಚಿ ಬಜ್ಜಿಗೇ ಕೊಡ್ತೀವಿ."

ಅವನ ತಾಯಿ ಚನ್ನವೀರಮ್ಮ ತೊಟ್ಟಿಯ ಕಟ್ಟೆಯ ಮೇಲೆ ಕೂತು, "ಏನಪಾ ಅದು, ಕಲ್ಲೋ ಹೂವೋ?" ಎಂದು ಕೇಳಿದ್ದಳು.

"ಎರಡೂ ಅಲ್ಲಬೇ. ಒಂದು ಬೂಷ್ಟು, ಒಂದು ಪಾಚಿ, ಎರಡೂ ಕೂಡಿ ಸಂಸಾರ ಮಾಡ್ಯಾವ. ಬೂಷ್ಟು ಮನಿ ಕಟ್ಟತೈತಿ, ಪಾಚಿ ಅಡಗಿ ಮಾಡತೈತಿ."

"ಅದರಾಗ ಅತ್ತಿ ಎಲ್ಲಿ ಅದಾಳ?"

"ಅತ್ತಿ ಇಲ್ಲ. ಅದಕ್ಕ ಅಷ್ಟ ವರ್ಷ ಬದುಕ್ತಾವ."

ಚನ್ನವೀರಮ್ಮ ಕೈಯಲ್ಲಿದ್ದ ಸೊಪ್ಪಿನ ದಂಟನ್ನು ಮಗನ ಮೇಲೆ ಎಸೆದಿದ್ದಳು. ಅವನು ನಗುತ್ತಲೇ ಪ್ರತಿಯೊಂದು ಕಲ್ಲುಹೂವಿನ ಅಂಚಿಗೆ ಒತ್ತಿ ಗುಂಡುಸೂಜಿ ಚುಚ್ಚುತ್ತ ಹೋದ. ಅಂಚು ಸೂಜಿಯನ್ನು ದಾಟಿ ಆಚೆ ಬಂದರೆ ಬೆಳೆದಿದೆ ಎಂದರ್ಥ. ಧಾರವಾಡದಲ್ಲಿ ಅವನಿಗೆ ಕಲಿಸಿದ ಪ್ರೊಫೆಸರ್ ಮರಿಬಸಪ್ಪನವರು, ಬೆಳೆದರೆ ಬಂದು ನೋಡುತ್ತೇನೆ, ನಿನ್ನ ಹೆಸರಿನಲ್ಲೇ ಬರೆದು ಅಚ್ಚು ಹಾಕಿಸೋಣ ಎಂದಿದ್ದರು.

ದೀಪಾವಳಿ ಕಳೆದು ಅವನಿಗೆ ಕಾಮಾಲೆಯಾಯಿತು. ಔಷಧಿ ನಾಟಲಿಲ್ಲ.

ಅವನನ್ನು ಮಣ್ಣು ಮಾಡಿ ಬಂದ ಮೇಲೆ ಸುವರ್ಣಾ ನಡುಮನೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದಳು. ಅಳು ಬರಲಿಲ್ಲ. ಬಂದವರು ಅದನ್ನೇ ಮಾತಾಡಿಕೊಂಡರು, ಅದೂ ಕೇಳಿಸಿತು. ತಟ್ಟೆ ತಂದಿಟ್ಟರೆ ಒಂದೆರಡು ತುತ್ತು ತಿನ್ನುವಳು, ನಾಲಿಗೆಗೆ ಉಪ್ಪು ಖಾರ ತಿಳಿಯುತ್ತಿರಲಿಲ್ಲ. ಊದುಬತ್ತಿಯ ವಾಸನೆಯೂ ಇಲ್ಲ, ಸೀದ ರೊಟ್ಟಿಯ ವಾಸನೆಯೂ ಇಲ್ಲ. ಹಾಗೆ ಎಷ್ಟು ದಿನ ಹೋಯಿತೋ, ಒಂದು ಬೆಳಿಗ್ಗೆ ಅತ್ತೆ ಬಂದು ಭುಜ ಅಲುಗಿಸಿದಳು.

"ಸುವರ್ಣಾ, ಏಳವ್ವ. ಅವನ ಹೂವು ಹಸರಾಗೈತಿ, ಬಂದು ನೋಡು."

ಎದ್ದು ಹೋಗಿ ನೋಡಿದಳು. ಹಸಿರಾಗಿತ್ತು. ಮರುದಿನ ತಾನೇ ಎದ್ದಳು. ಕೆಲವು ವಾರಗಳಲ್ಲಿ ಒಂದು ಅಂಚು ಸೂಜಿಯನ್ನು ದಾಟಿದಂತೆ ಕಂಡಿತು. ಚಳಿ ಕಳೆದು ಬಿಸಿಲೇರುವ ಹೊತ್ತಿಗೆ ಅಕ್ಕಿಕಾಳಿನಷ್ಟು ಆಚೆ ಬಂದಿತ್ತು. ಅಷ್ಟು ಬೇಗ ಹೇಗೆ ಎಂಬ ಪ್ರಶ್ನೆ ಅವಳ ತಲೆಗೆ ಬಾರದೆ ಇರಲಿಲ್ಲ. ಬಂದದ್ದನ್ನು ಅಲ್ಲಿಗೇ ಬಿಟ್ಟಳು. ಪ್ರೊಫೆಸರರಿಗೆ ಕಾಗದ ಬರೆಯುವಾಗಲೂ 'ಬೆಳೆದಿದೆ' ಎಂದು ಬರೆಯದೆ 'ಸೂಜಿ ದಾಟಿ ಅಕ್ಕಿಕಾಳಿನಷ್ಟು ಬೆಳೆದಂತೆ ಕಾಣುತ್ತಿದೆ' ಎಂದು ಬರೆದಳು. ಬರುವ ಭಾನುವಾರ ಬರುತ್ತೇನೆ, ಮೂರೂ ಕಡೆಯ ಸ್ಥಿತಿಯನ್ನು ನೋಡಿಟ್ಟಿರಿ ಎಂದು ಅವರ ಉತ್ತರ ಬಂತು. ಆ ಸದ್ದು ಕೇಳಿದ್ದು ಉತ್ತರ ಬಂದ ರಾತ್ರಿಯೇ.

ಗುರುವಾರ ಸಿರುಗುಪ್ಪದ ಬಸ್ಸು ಹತ್ತಿದಳು. ಅಣ್ಣ ತಿಪ್ಪೇರುದ್ರಪ್ಪ ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಹಚ್ಚೊಳ್ಳಿಯ ಗದ್ದೆಗೆ ಕರೆದೊಯ್ದ. ಕಾಲುವೆಯ ದಂಡೆಯ ಮೇಲೆ ದೊಡ್ಡ ಹುಣಸೆ. ಮೂರರಲ್ಲಿ ಬದುಕುವುದಾದರೆ ಇಲ್ಲಿಯೇ ಎಂದು ಕೊಟ್ರಬಸಪ್ಪ ಹೇಳುತ್ತಿದ್ದ, ಕಾಲುವೆಯ ತಂಪಿದೆ ಎಂದು. ಸುತಳಿ ಗಟ್ಟಿಯಾಗಿಯೇ ಇತ್ತು. ಕಲ್ಲುಹೂವು ಸೀಮೆಸುಣ್ಣದಂತೆ ಬೆಳ್ಳಗಾಗಿತ್ತು. ಮುಟ್ಟಿದರೆ ಬೆರಳ ನಡುವೆ ಪುಡಿಯಾಯಿತು.

"ನಾ ದಿನಾ ನೀರು ಹೊಡದೀನವ್ವ, ನಿನ್ನಾಣಿ," ಅಂದ ತಿಪ್ಪೇರುದ್ರಪ್ಪ. "ಭತ್ತಕ್ಕ ಹೊಡದ ಔಷಧಿ ಗಾಳಿಗೆ ಬಡದಿರಬೇಕು."

"ಇರಬಹುದು."

"ಅಲ್ಲ ತಂಗೀ, ಕಾಲುವಿ ದಂಡಿ ಮ್ಯಾಲೆ ಇದ್ದದ್ದು ಸತ್ತೈತಿ. ನಿಮ್ಮ ಬಳ್ಳಾರಿ ಬಿಸಿಲಾಗ ಇರೋದು ಬೆಳಿಯಾಕ ಹತ್ತೈತಿ ಅಂತಿ. ಇದೇನು ಬೇವೋ, ದೇವರ ಗಿಡವೋ?"

ಅವನು ನಗಿಸಲು ಅಂದದ್ದು. ಅವಳು ನಗಲಿಲ್ಲ. ತಂಗಿ ಬೇಜಾರಾದಳೆಂದು ಅವನು ಎರಡು ಸೇರು ಹೊಸ ಅಕ್ಕಿ ಕಟ್ಟಿಕೊಟ್ಟು ಬಸ್ಸಿಗೆ ಹತ್ತಿಸಿದ.

ದಾರಿಯಲ್ಲಿ ಕುರುಗೋಡಿನಲ್ಲಿ ಇಳಿದಳು. ಗುಡ್ಡದ ಬುಡದಲ್ಲಿ ಬಂಡೆಯ ನೆರಳಿಗೆ ಹೋದರೆ ಅಲ್ಲಿ ತೊಗಟೆಯೂ ಇರಲಿಲ್ಲ. ಸುತಳಿಯ ಒಂದು ತುಂಡು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು, ಉಳಿದದ್ದನ್ನು ಮೇಕೆಗಳು ಎಳೆದಿರಬೇಕು. ಬಂಡೆಯ ಮೈಮೇಲೆ ತಾವಾಗಿಯೇ ಹುಟ್ಟಿದ ಹಳದಿ, ಕಪ್ಪು ಚುಕ್ಕೆಗಳು ಮಾತ್ರ ಇದ್ದವು. ಅವು ಕಲ್ಲುಹೂವಿನ ಕುಲದವೇ, ಆದರೆ ಸಾರಿಗೆ ಬಾರವು. ಪಕ್ಕದಲ್ಲಿ ಹಿಂದೆ ಎಂದೋ ಕಲ್ಲುಕುಟಿಗರು ಬಂಡೆ ಸೀಳಲು ಹೊಡೆದ ಉಳಿಯ ಗುರುತುಗಳಿದ್ದವು. ಗಂಡ ಅವನ್ನು ಬೆರಳಿಟ್ಟು ತೋರಿಸಿದ್ದ. 'ನಮ್ಮಜ್ಜ ಸಣ್ಣವಿದ್ದಾಗಲೇ ಹೊಡದದ್ದಂತ. ನೋಡು, ಈ ಚುಕ್ಕಿ ಇನ್ನಾ ಆ ಕುಳಿಯೊಳಗ ಇಳಿಯಾಕ ಹತ್ಯಾವ.' ಚುಕ್ಕೆಗಳು ಈಗಲೂ ಕುಳಿಯ ಅಂಚಿನಲ್ಲೇ ಇದ್ದವು.

ಅವಳು ಬಂಡೆಯ ಮುಂದೆ ಬಿಸಿಲು ಸರಿದು ಕಾಲಿಗೆ ಬರುವವರೆಗೆ ನಿಂತಳು. ನಾಲ್ಕು ತಿಂಗಳಲ್ಲಿ ಅಕ್ಕಿಕಾಳಿನಷ್ಟು. ಅದೂ ಮಳೆಯಿಲ್ಲದ ನಾಲ್ಕು ತಿಂಗಳಲ್ಲಿ. ಈ ಸಲ ಪ್ರಶ್ನೆಯನ್ನು ಬಿಟ್ಟು ಬರಲು ಆಗಲಿಲ್ಲ.

ಶುಕ್ರವಾರ ಬಟ್ಟೆ ಹರವುತ್ತಿದ್ದಾಗ ಅಂಬಮ್ಮ ಕಾಂಪೌಂಡಿಗೆ ಬಂದಳು.

"ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ನಿಮ್ಮತ್ತಿ ಮೊನ್ನಿ ಸಾರು ಕೊಟ್ಟಿದ್ಲು. ಮಸಾಲಿ ಯಾರು ಕುಟ್ಯಾರ?"

"ಅತ್ತಿಯವರೇ. ಯಾಕ್ರಿ ಅಂಬಕ್ಕ?"

"ಮೊದಲಿನಂಗ ಇಲ್ಲ ಬಿಡವ್ವ. ನಿಮ್ಮನಿ ಸಾರು ಕುದ್ದರ ನಮ್ಮ ಪಡಸಾಲಿ ತನಕ ಘಮ್ ಅಂತಿತ್ತು. ನಮ್ಮನಿಯವ್ರು ನನ್ನ ಅಡಗಿ ಬಿಟ್ಟು ನಿಮ್ಮ ಕಡೆ ಮೂಗು ಮಾಡಿ ಕೂಡ್ತಿದ್ರು. ಈಗ ಕಲ್ಲುಹೂವು ಹಾಕೂದನ್ನ ಬಿಟ್ಟಾಳೇನು ಅತ್ತಿ?"

ಸುವರ್ಣಾ ಒದ್ದೆ ಸೀರೆಯನ್ನು ಕೊಡವಿ ಹಗ್ಗಕ್ಕೆ ಹಾಕಿದಳು. ಅದೇ ಸಾರನ್ನು ಅವಳೂ ದಿನಾ ಉಂಡಿದ್ದಳು, ನಾಲಿಗೆಗೆ ಏನೂ ತಿಳಿದಿರಲಿಲ್ಲ.

ಶನಿವಾರ ಮಧ್ಯಾಹ್ನ ಅತ್ತೆ ಮಠಕ್ಕೆ ಹೋದಳು. ಸುವರ್ಣಾ ಗಂಡನ ಟ್ರಂಕಿನಿಂದ ಭೂತಗನ್ನಡಿ ತೆಗೆದುಕೊಂಡು ಬೇವಿನ ಬಳಿ ಬಂದಳು. ನಾಲ್ಕು ತಿಂಗಳಿನಿಂದ ದಿನಾ ನೋಡುತ್ತಿದ್ದರೂ ಅದರ ಮೂಲಕ ಒಮ್ಮೆಯೂ ನೋಡಿರಲಿಲ್ಲ. ಮೊದಲು ಕಂಡದ್ದು ಇರುವೆ. ಕೆಂಪಿರುವೆಯ ಸಾಲೊಂದು ಕಾಂಡವೇರಿ ಕಲ್ಲುಹೂವಿನ ಅಡಿಗೆ ನುಗ್ಗುತ್ತಿತ್ತು. ಕಲ್ಲುಹೂವು ಇರುವೆಗೆ ತಿನಿಸಲ್ಲ. ಅಂಚನ್ನು ಮೆಲ್ಲಗೆ ಎತ್ತಿದಳು. ಅಡಿಯಲ್ಲಿ ಬೆಳ್ಳಗೆ ಒಣಗಿದ ಅಂಟು, ಮೈದಾ ಹಿಟ್ಟಿನದು.

ಸೂಜಿಗಳನ್ನು ನೋಡಿದಳು. ತಾನಾಗಿ ಬೆಳೆದು ಬಂದಿದ್ದರೆ ಅಂಚು ಸೂಜಿಯನ್ನು ಬಳಸಿ ಹೋಗಬೇಕು. ಇಲ್ಲಿ ಸೂಜಿಯ ತಲೆ ಹೊರಬರಲೆಂದು ಕಲ್ಲುಹೂವನ್ನು ಹರಿದು ತೂತು ಮಾಡಲಾಗಿತ್ತು. ಕೊಟ್ರಬಸಪ್ಪ ತಂದದ್ದರ ಅಂಚು ನುಣುಪಾಗಿತ್ತು, ಅದರ ಮೇಲೆ ಬಿಳಿ ಹುಡಿ ಇರುತ್ತಿತ್ತು. ಈ ತುಂಡುಗಳಲ್ಲಿ ಕೆಲವಕ್ಕೆ ಅಂಚಿನುದ್ದಕ್ಕೂ ಕಪ್ಪು ಕೂದಲುಗಳಿದ್ದವು. ಬಜಾರಿನ ಕಲ್ಲುಹೂವಿನಲ್ಲಿ ಎಲ್ಲ ಜಾತಿಯೂ ಬೆರೆತಿರುತ್ತದೆ.

ಮುಖವನ್ನು ತೊಗಟೆಗೆ ತಾಗಿಸಿ ಉಸಿರೆಳೆದಳು. ಲವಂಗದ ವಾಸನೆ ಬಂತು. ಎಷ್ಟೋ ತಿಂಗಳ ಮೇಲೆ ಅವಳ ಮೂಗಿಗೆ ಹತ್ತಿದ ಮೊದಲ ವಾಸನೆ ಅದು.

ಅಡುಗೆಮನೆಗೆ ಹೋಗಿ ಅತ್ತೆಯ ಮಸಾಲೆ ಡಬ್ಬಿ ತೆರೆದಳು. ಲವಂಗ ಇತ್ತು, ಚಕ್ಕೆ ಇತ್ತು. ಕಲ್ಲುಹೂವಿನ ಬಟ್ಟಲಿನಲ್ಲಿ ಬೂದಿಯಂಥ ಪುಡಿ ಮಾತ್ರ ಉಳಿದಿತ್ತು. ಒಲೆಯ ಹಿಂದೆ, ಯಾರೂ ಕೈಹಾಕದ ಮೂಲೆಯಲ್ಲಿ, ಅಂಟು ಒಣಗಿ ಹಿಡಿದಿದ್ದ ಒಂದು ಗಿಂಡಿ.

ಹಿತ್ತಿಲಿಗೆ ವಾಪಸು ಬಂದು ಒಗೆಯುವ ಕಲ್ಲಿನ ಮೇಲೆ ಕೂತಳು. ಸಿಟ್ಟು ಬರಬಹುದೆಂದು ಕಾದಳು, ಬರಲಿಲ್ಲ. ಯಾಕೆ ಎಂದು ಕೇಳಿಕೊಳ್ಳುವ ಅಗತ್ಯವೂ ಇರಲಿಲ್ಲ. ಭುಜ ಅಲುಗಿಸಿ ಎಬ್ಬಿಸಿದ ಆ ಬೆಳಗು ನೆನಪಿತ್ತು. ಅತ್ತೆಯ ಲೆಕ್ಕ ಇಷ್ಟೇ: ಸೊಸೆ ಇದನ್ನು ನೋಡಲು ಏಳುತ್ತಾಳೆ, ಎದ್ದವಳು ಮುಖ ತೊಳೆಯುತ್ತಾಳೆ, ಮುಖ ತೊಳೆದವಳು ಎರಡು ತುತ್ತು ಉಣ್ಣುತ್ತಾಳೆ. ಬಿಸಿಲಿಗೆ ತುಂಡು ಬೆಳ್ಳಗಾದರೆ ರಾತ್ರಿ ಕೆರೆದು ತೆಗೆದು ಬೇರೆಯದನ್ನು ಅಂಟಿಸುವುದು. ಅತ್ತೆಯ ಕಣ್ಣು ಮಂಜು, ಹಳೆಯ ಅಂಚಿಗೆ ಸರಿಯಾಗಿ ಕೂಡಿಸಲು ಆಗಿಲ್ಲ, ಪ್ರತಿಸಲ ಸ್ವಲ್ಪ ಆಚೆ ಸರಿದಿದೆ. ಅದನ್ನೇ ಬೆಳವಣಿಗೆಯೆಂದು ಅಳೆದು ಧಾರವಾಡಕ್ಕೆ ಬರೆದದ್ದಾಗಿತ್ತು.

ಬೆಳಗಾದರೆ ಪ್ರೊಫೆಸರರು ಬರುತ್ತಾರೆ. ಅವರ ಜೇಬಿನಲ್ಲಿ ಇದಕ್ಕಿಂತ ಒಳ್ಳೆಯ ಭೂತಗನ್ನಡಿ ಇರುತ್ತದೆ. ಒಮ್ಮೆ ಬಗ್ಗಿ ನೋಡಿದರೆ ಸಾಕು. ಆಮೇಲೆ ಯಾರು ಅಂಟಿಸಿದರೆಂದು ಕೇಳುತ್ತಾರೆ. ಅತ್ತೆ ಎಂದು ಹೇಳಿದರೆ ಈ ವಯಸ್ಸಿನಲ್ಲಿ ಹೊರಗಿನವರ ಮುಂದೆ ಅವಳು ತಲೆ ತಗ್ಗಿಸಬೇಕು. ಏನೂ ಹೇಳದಿದ್ದರೆ ಅದು ಸತ್ತವನ ಹೆಸರಿಗೆ ಹತ್ತುತ್ತದೆ, ಕೊಟ್ರಬಸಪ್ಪನೇ ಹೀಗೆ ಮಾಡಿಟ್ಟಿದ್ದ ಅನ್ನುತ್ತಾರೆ. ಇನ್ನು ಅವರೂ ಮೋಸಹೋಗಿ ಅಚ್ಚು ಹಾಕಿಸಿದರೆ ಅವನ ಹೆಸರಿನಲ್ಲಿ ಸುಳ್ಳೊಂದು ಉಳಿಯುತ್ತದೆ. ಮೂರನ್ನೂ ಒಂದೊಂದಾಗಿ ಯೋಚಿಸಿದಳು. ಮೂರೂ ಬೇಡ ಅನ್ನಿಸಿತು.

ಚೂರಿ ತಂದು ಅಂಟಿಸಿದ್ದನ್ನೆಲ್ಲ ಬಿಡಿಸಿದಳು. ಅಡಿಯಲ್ಲಿ ಗಂಡ ಕಟ್ಟಿದ್ದ ಕಲ್ಲುಹೂವು ಇತ್ತು. ಹಚ್ಚೊಳ್ಳಿಯದರಂತೆಯೇ ಬೆಳ್ಳಗಾಗಿ, ಒಂದು ಸೂಜಿಯನ್ನೂ ದಾಟದೆ. ಅದು ಸತ್ತು ಬಹಳ ದಿನವಾಗಿತ್ತು. ಅತ್ತೆ ಎಬ್ಬಿಸಿದ ಬೆಳಗಿಗಿಂತ ಮೊದಲೇ ಸತ್ತಿರಬೇಕು. ಅದನ್ನು ಹಾಗೆಯೇ ಬಿಟ್ಟು, ಅಂಟಿನ ಕಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಕಿತ್ತ ತುಂಡುಗಳನ್ನು ಒಲೆಗೆ ಹಾಕಿದಳು. ಗಿಂಡಿಯನ್ನು ತಿಕ್ಕಿ ತೊಳೆದು ಉಳಿದ ಪಾತ್ರೆಗಳ ಜೊತೆ ಬೋರಲು ಹಾಕಿದಳು.

ಚನ್ನವೀರಮ್ಮ ಮಠದಿಂದ ಬಂದು ಕಾಲು ತೊಳೆಯಲು ಹಿತ್ತಿಲಿಗೆ ಹೋದಳು. ನೀರು ಸುರಿಯುವ ಸದ್ದು ನಡುವೆಯೇ ನಿಂತಿತು. ಒಳಗೆ ಬಂದಾಗ ಅವಳ ಕಣ್ಣು ಬೋರಲು ಹಾಕಿದ ಗಿಂಡಿಯ ಮೇಲೆ ಹೋಗಿ ಅಲ್ಲೇ ನಿಂತಿತು.

"ಹೊತ್ತಾತವ್ವ," ಅಂದಳು. "ದೀಪ ಹಚ್ಚು."

ಭಾನುವಾರ ಪ್ರೊಫೆಸರರು ಕಂಟೋನ್ಮೆಂಟಿನಲ್ಲಿ ನೆಂಟರ ಮನೆಯಲ್ಲಿ ಇಳಿದು, ಅಲ್ಲಿಂದ ಜಟಕಾದಲ್ಲಿ ಬಂದರು. ಬೆವರು ಒರೆಸಿಕೊಳ್ಳುತ್ತಲೇ ನೆಟ್ಟಗೆ ಹಿತ್ತಿಲಿಗೆ ನಡೆದರು. ಬೇವಿನ ಮುಂದೆ ಬಗ್ಗಿ, ಭೂತಗನ್ನಡಿ ಹಿಡಿದು, ತುಂಡಿನಿಂದ ತುಂಡಿಗೆ ಸರಿದರು.

"ಇದು ಸತ್ತೈತಲ್ಲವ್ವ."

"ಹೌದ್ರಿ ಸರ್."

"ಮೂರೂ ಕಡೆ?"

"ಮೂರೂ ಕಡೆ."

"ಮತ್ತ ಸೂಜಿ ದಾಟೈತಿ ಅಂತ ಬರದಿದ್ದಿ?"

"ನಾನು ಅಳೆಯೂದ್ರಾಗ ತಪ್ಪು ಮಾಡಿದೆ ಸರ್. ಇಲ್ಲದ್ದನ್ನ ಕಂಡೆ."

ಅವರು ನೆಟ್ಟಗಾಗಿ ಅವಳ ಮುಖ ನೋಡಿದರು. "ನೀನೂ ಓದಿದಾಕಿ. ಅಕ್ಕಿಕಾಳಿನಷ್ಟು ಅಂತ ಬರದೀದಿ. ಇಲ್ಲದ್ದು ಅಷ್ಟು ಕರಾರುವಾಕ್ಕಾಗಿ ಕಾಣತೈತೇನು?"

ಅವಳು ಸಡಿಲವಾಗಿದ್ದ ಸುತಳಿಯ ತುದಿಯನ್ನು ಒಳಗೆ ಸಿಕ್ಕಿಸಿದಳು. ಚನ್ನವೀರಮ್ಮ ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದಳು. ಪ್ರೊಫೆಸರರು ಅತ್ತ ತಿರುಗಿದರು.

"ಅಮ್ಮಾರ, ನೀವಾರ ನೋಡಿದ್ರೇನ್ರಿ? ಇದು ಹಸರು ಇತ್ತೇನ್ರಿ?"

ಚನ್ನವೀರಮ್ಮ ತಟ್ಟೆಯನ್ನು ಇನ್ನೊಂದು ಕೈಗೆ ಬದಲಿಸಿದಳು. ಅವಳು ಸೊಸೆಯ ಕಡೆ ನೋಡಿದಳು. ಬಾಯಿ ತೆರೆದಳು.

"ಅತ್ತಿಯವರಿಗೆ ಕಣ್ಣು ಸರಿಯಾಗಿ ಕಾಣೂದಿಲ್ರಿ ಸರ್," ಅಂದಳು ಸುವರ್ಣಾ. "ಅವರು ಈ ಕಡೆ ಬರೂದೇ ಇಲ್ಲ. ನೋಡಿದಾಕಿ ನಾ ಒಬ್ಬಾಕಿನ."

ಪ್ರೊಫೆಸರರು ಭೂತಗನ್ನಡಿಯನ್ನು ಒರೆಸಿ ಜೇಬಿಗೆ ಹಾಕಿಕೊಂಡರು. ಒಗ್ಗರಣೆ ತಿಂದರು. ಕೊಟ್ರಬಸಪ್ಪ ಒಳ್ಳೆಯ ವಿದ್ಯಾರ್ಥಿ, ಇನ್ನೊಂದು ಮಳೆಗಾಲ ಸಿಕ್ಕಿದ್ದರೆ ಬೇರೆ ಮರ ಹುಡುಕುತ್ತಿದ್ದ ಅಂದರು. ಅಚ್ಚಿನ ಮಾತು ಎತ್ತಲಿಲ್ಲ. ಹೊರಡುವಾಗ ಅವಳಿಗೆ, "ನೀನೂ ಸ್ವಲ್ಪ ಆರಾಮ ಮಾಡವ್ವ," ಅಂದರು, ಹುಷಾರಿಲ್ಲದವರಿಗೆ ಹೇಳುವಂತೆ. ಜಟಕಾ ಓಣಿಯ ಮೂಲೆ ತಿರುಗಿದ ಮೇಲೆ ಅತ್ತೆ ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

ಮರುದಿನ ಸುವರ್ಣಾಳಿಗೆ ಎಚ್ಚರವಾದಾಗ ನೋಡಲು ಏನೂ ಇಲ್ಲ ಎಂಬುದು ಮೊದಲು ನೆನಪಾಯಿತು. ಮಾಳಿಗೆಯ ಮೇಲೆ ಆಗಲೇ ಬಿಸಿಲು. ಕೆಳಗೆ ಅತ್ತೆ ಬಾಗಿಲವರೆಗೆ ಬಂದು, ನಿಂತು, ಹಿಂದಕ್ಕೆ ಹೋದದ್ದು ಕೇಳಿಸಿತು. ಮತ್ತೊಮ್ಮೆ ಬಂದು ನಿಂತದ್ದೂ ಕೇಳಿಸಿತು. ಕರೆಯಲು ಅವಳ ಬಳಿ ಈಗ ಏನೂ ಉಳಿದಿರಲಿಲ್ಲ. ಸುವರ್ಣಾ ಹಾಸಿಗೆ ಸುತ್ತಿಟ್ಟು ಮೆಟ್ಟಿಲಿಳಿದಳು.

"ಯಾಕ ಎದ್ದೆವ್ವ, ಇನ್ನಷ್ಟು ಮಲಗಬಾರದಿತ್ತೇನು?" ಅತ್ತೆ ಕೊಡವನ್ನು ಕೆಳಗಿಟ್ಟಳು.

"ತೊಟ್ಟಿಗೆ ನೀರು ತುಂಬಬೇಕಲ್ರಿ ಅತ್ತಿ." ಕೊಡ ಎತ್ತಿಕೊಂಡು ಎರಡು ಹೆಜ್ಜೆ ಹೋಗಿ ತಿರುಗಿದಳು. "ಡಬ್ಬಿಯೊಳಗ ಕಲ್ಲುಹೂವು ತೀರೈತಿ. ಸಂಜಿಮುಂದ ಬಜಾರಕ್ಕ ಹೋಗಿ ತರ್ತೀನಿ."

ಚನ್ನವೀರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಸ್ವಲ್ಪ ತಾ," ಅಂದಳು. "ಸಾರಿಗೆ ಆಗೋವಷ್ಟು."

ತೊಟ್ಟಿಗೆ ನೀರು ಸುರಿಯುತ್ತಿದ್ದಾಗ ಅಂಬಮ್ಮನ ತಲೆ ಕಾಂಪೌಂಡಿನ ಮೇಲೆ ಕಾಣಿಸಿತು. "ಏನವ್ವ, ಧಾರವಾಡದವ್ರು ಬಂದು ಹೋದ್ರಂತ? ಮಾಸ್ತರ ಹೂವು ನೋಡಿ ಏನಂದ್ರು? ಹೇಳವ್ವ, ನಾ ಯಾರ ಮುಂದೂ ಆಡೂದಿಲ್ಲ."

"ಬಿಸಿಲಿಗೆ ಹೋತ್ರಿ ಅಂಬಕ್ಕ," ಅಂದಳು ಸುವರ್ಣಾ.

ಅಂಬಮ್ಮ ಬಾಯಿ ಚಪ್ಪರಿಸಿ ಇನ್ನೂ ಏನೋ ಬರಬಹುದೆಂದು ಕಾದಳು. ಸುವರ್ಣಾ ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ನಲ್ಲಿಯ ಕಡೆ ನಡೆದಳು. ಅಣ್ಣ ಯಾವಾಗಲಾದರೂ ಕೇಳುತ್ತಾನೆ, ಬೇವಿನದು ಏನಾಯಿತು ಎಂದು. ಅವನಿಗೂ ಇಷ್ಟನ್ನೇ ಹೇಳುವುದು. ಉಳಿದದ್ದನ್ನು ಯಾರಿಗೂ ಹೇಳುವುದಿಲ್ಲ, ಅತ್ತೆಗೂ ತನಗೆ ತಿಳಿದಿದೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ ಎಂದುಕೊಂಡು ನಲ್ಲಿಯ ಕೆಳಗೆ ಕೊಡ ಇಟ್ಟಳು.